ಮುದ್ರಕರ ಹೆಸರಿಲ್ಲದ ಕಾಗದ

ಫಹಾಹೀಲ್, ಕುವೈತ್
20 ಜನವರಿ 1995, ಶುಕ್ರವಾರ

ನನ್ನ ಸಿಲ್ವಿ,

ಬೆಳಿಗ್ಗೆ ಅಹ್ಮದಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು, ಮಂಚದ ಮೇಲೆ ಕಾಲು ಮಡಚಿ ಕುಳಿತು, ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಡಬ್ಬಿಯನ್ನು ಬೈಯಿರಿ, ನನ್ನನ್ನಲ್ಲ. ಕೋಣೆಯಲ್ಲಿ ಕೇರಳದ ಇನ್ನಿಬ್ಬರು ನರ್ಸ್ ಸಿಸ್ಟರ್‌ಗಳು ಮಲಗಿದ್ದಾರೆ. ಒಬ್ಬಳಿಗೆ ಗೊರಕೆ.

ಮನೆಯಲ್ಲಿ ಕೊಂಕಣಿಯಲ್ಲಿ ಜಗಳ, ಕಾಗದದಲ್ಲಿ ಕನ್ನಡದಲ್ಲಿ ಪ್ರೀತಿ ಎಂಬ ನಮ್ಮ ಮದುವೆಗೆ ಮುಂಚಿನ ಒಪ್ಪಂದವನ್ನು ನಾನು ಪಾಲಿಸುತ್ತಾ ಬಂದಿದ್ದೇನೆ. ತಪ್ಪುತ್ತಿರುವುದು ನೀವು. ಹೋದ ಕಾಗದದಲ್ಲಿ ಪ್ರೀತಿ ಎರಡು ಸಾಲು, ನಿಮ್ಮ ಪ್ರಿನ್ಸಿಪಾಲರ ಮೇಲಿನ ಸಿಟ್ಟು ಎರಡು ಪುಟ! ನನ್ನ ಕಾಗದದ ತಪ್ಪುಗಳಿಗೆ ಕೆಂಪು ಗೀಟು ಹಾಕಿ ವಾಪಸು ಕಳಿಸುವುದನ್ನಾದರೂ ಈ ವರ್ಷ ನಿಲ್ಲಿಸಿ. ನಾನು ನಿಮ್ಮ ಹೆಂಡತಿ, ನಿಮ್ಮ ಕ್ಲಾಸಿನ ಹುಡುಗಿಯಲ್ಲ.

ಕ್ಲಿನಿಕ್ಕಿನಲ್ಲಿ ಎಲ್ಲ ಸರಿಯಿದೆ. ಇಂಜೆಕ್ಷನ್ ಎಂದರೆ ಮಕ್ಕಳು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. “ಸಿಸ್ಟರ್ ವೈಲೆಟ್, ನೋ ಪೇನ್” ಅನ್ನುತ್ತಾರೆ. ಜೂನ್ ಕೊನೆಗೆ ಕಾಂಟ್ರ್ಯಾಕ್ಟ್ ಹೊಸದಾಗಬೇಕು. ಅದಾದರೆ ಇಲ್ಲಿ ಉಳಿಯುವ ಇಕಾಮಾ ಚೀಟಿಯ ಚಿಂತೆಯೂ ಇಲ್ಲ, ಇನ್ನೆರಡು ವರ್ಷ ನಿಶ್ಚಿಂತೆ. ಬಾಂಬೆ ಬಸ್ಸು ಹೊರಡುವವರೆಗೂ ‘ಬೇಡ, ಬೇಡ’ ಎಂದಿರಲ್ಲ, ಈಗಲಾದರೂ ಒಪ್ಪಿಕೊಳ್ಳಿ, ನಿಮ್ಮ ಹೆಂಡತಿಯ ಕೈಗುಣ ಒಳ್ಳೆಯದು.

ಪರ್ಲ್‌ಗೆ ಒಂದು ಮುತ್ತು. ಅವಳ ಡ್ಯಾಡಿಗೆ ಎರಡು.

ನಿಮ್ಮ ವೈಲಿ


ಬೆಂದೂರು, ಮಂಗಳೂರು
9 ಫೆಬ್ರವರಿ 1995

ಪ್ರೀತಿಯ ವೈಲಿ,

ಈ ಸಲ ಒಂದೂ ಗೀಟಿಲ್ಲ, ಸಮಾಧಾನವೇ? ನಿನ್ನ ‘ಳ’ಕ್ಕೆ ನೀನು ಹಾಕುವ ಉದ್ದ ಬಾಲವನ್ನು ಮಾತ್ರ ನೋಡುತ್ತಾ ಕುಳಿತಿದ್ದೆ. ಆ ಬಾಲವನ್ನು ನೋಡಿಯೇ ನಾನು ಮದುವೆಗೆ ಒಪ್ಪಿದ್ದು ಎಂದು ನಿನಗೆ ಗೊತ್ತು. ಮುಖ ನೋಡಿದ್ದು ಆಮೇಲೆ.

ಪ್ರಿನ್ಸಿಪಾಲರು ಹೊಸ ಪತ್ರಿಕೋದ್ಯಮದ ಪಾಠವನ್ನು ನನ್ನ ತಲೆಗೆ ಕಟ್ಟಿದ್ದಾರೆ. “ನೀವು ದಿನಾ ಪೇಪರ್ ಓದ್ತೀರಲ್ಲ ಸಿಲ್ವೆಸ್ಟರ್, ನೀವೇ ಮಾಡಿಬಿಡಿ” ಎಂದರು. ಪೇಪರ್ ಓದುವವನು ಪತ್ರಿಕೋದ್ಯಮ ಕಲಿಸಬಹುದಾದರೆ, ಮೀನು ತಿನ್ನುವವನಿಗೆ ದೋಣಿ ಕೊಡಬೇಕು. ಆದರೂ ಓದಲು ಕುಳಿತ ಮೇಲೆ ರುಚಿ ಹತ್ತಿತು. ಟೆಲಿಫೋನ್ ಕಂಪನಿಯ ಒಬ್ಬ ಎಂಜಿನಿಯರ್ ಮಾಡಿದ ಸಂವಹನದ ಮಾದರಿ ಇದೆ. ಒಂದು ಚೌಕದಲ್ಲಿ ಕಳುಹಿಸುವವನು, ಕೊನೆಯ ಚೌಕದಲ್ಲಿ ಪಡೆಯುವವನು, ನಡುವೆ ದಾರಿ. ಆ ದಾರಿಯಲ್ಲಿ ಬಂದು ಸೇರುವ ಬೇಡದ್ದಕ್ಕೆಲ್ಲ ‘ಗದ್ದಲ’ ಎಂದು ಹೆಸರು. ಪಕ್ಕದ ಮನೆಯ ಫೋನಿಗೆ ನೀನು ಕರೆ ಮಾಡಿದಾಗ ಆಗುವುದು ಇದರ ಉಲ್ಟಾ. ಅವರ ಮನೆಯವರೆಲ್ಲ ಟಿ.ವಿ. ಸದ್ದು ತಗ್ಗಿಸಿ ನಮ್ಮ ಮಾತಿಗೆ ಕಿವಿ ಕೊಡುತ್ತಾರೆ. ಅದಕ್ಕೇ ಹೇಳುವುದು, ಫೋನು ಬೇಡ, ಕಾಗದ ಸಾಕು.

ಇನ್ನೊಂದು ಸ್ವಾರಸ್ಯ ಕೇಳು. ಸಾವಿರದ ಐನೂರ ಐವತ್ತಾರರಲ್ಲಿ ಪೋರ್ಚುಗಲ್ಲಿನಿಂದ ಇಥಿಯೋಪಿಯಕ್ಕೆಂದು ಒಂದು ಅಚ್ಚಿನ ಯಂತ್ರ ಹಡಗು ಹತ್ತಿತು. ದಾರಿಯಲ್ಲಿ ಗೋವೆಯಲ್ಲಿ ಇಳಿದದ್ದು ಮುಂದೆ ಹೋಗಲೇ ಇಲ್ಲ. ನಮ್ಮ ದೇಶಕ್ಕೆ ಅಚ್ಚು ಬಂದದ್ದು ಹಾಗೆ, ಬೇರೆಯವರಿಗೆ ಹೊರಟದ್ದು ನಮ್ಮ ಅಂಗಳದಲ್ಲಿ ಇಳಿದು. ನಮ್ಮ ಮಂಗಳೂರಿನ ಮೊದಲ ಕನ್ನಡ ಪತ್ರಿಕೆಯೂ ಸೀಸದ ಅಚ್ಚುಮೊಳೆ ಜೋಡಿಸಿದ್ದಲ್ಲ, ಕಲ್ಲಚ್ಚು. ಯಾರೋ ಕೈಯಾರೆ ಬರೆದದ್ದೇ ಅಚ್ಚಾಗಿ ಬರುತ್ತಿತ್ತು. ಓದುವವನಿಗೆ ಬರೆದವನ ಕೈ ಕಾಣುತ್ತಿತ್ತು. ಅದು ನನಗೆ ಬಹಳ ಹಿಡಿಸಿತು.

ನಿನ್ನ ಸಿಲ್ವಿ


ಫಹಾಹೀಲ್, ಕುವೈತ್
17 ಮಾರ್ಚ್ 1995

ಪ್ರೀತಿಯ ಪತಿಯವರಿಗೆ ವೈಲೆಟ್ ಮಾಡುವ ವಂದನೆಗಳು.

ನಾನು ಕ್ಷೇಮ. ನೀವೂ ಪರ್ಲ್‌ಳೂ ಕ್ಷೇಮವೆಂದು ನಂಬಿದ್ದೇನೆ. ಈ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಇದು ಕಂಪ್ಯೂಟರಿನಲ್ಲಿ ಮಾಡಿದ್ದು. ಮಾರ್ಕೆಟ್ಟಿನ ಹಿಂದೆ ಡೋಲ್ಫಿ ಎಂಬವರ ಟೈಪಿಂಗ್ ಅಂಗಡಿಯಿದೆ. ವೀಸಾ, ಇಕಾಮಾಗಳ ಅರಬ್ಬಿ ಅರ್ಜಿ ಟೈಪ್ ಮಾಡುವುದು ಅವರ ಕೆಲಸ. ನಮ್ಮವರ ಸಂಘದ ಸಂಚಿಕೆಗೆಂದು ಊರಿನಿಂದ ಕನ್ನಡ ಅಕ್ಷರಗಳನ್ನೂ ತರಿಸಿ ಹಾಕಿಕೊಂಡಿದ್ದಾರೆ. ನಾನು ಹೇಳುತ್ತೇನೆ, ಅವರು ಹೊಡೆಯುತ್ತಾರೆ. “ಸಿಸ್ಟರ್, ನೀವು ಹೇಳ್ತಾ ಹೋಗಿ ಮಾರಾಯ್ರೆ, ನನ್ನ ಬೆರಳು ಓಡ್ತದೆ” ಎನ್ನುತ್ತಾರೆ. ನಿಮ್ಮ ಅಚ್ಚಿನ ಪಾಠಕ್ಕೂ ಸರಿಹೋಯಿತು ಎಂದುಕೊಳ್ಳಿ.

ಕಳೆದ ವಾರ ಬಾತ್‌ರೂಮಿನಲ್ಲಿ ಜಾರಿ ಬಿದ್ದೆ. ಗಾಬರಿ ಬೇಡ. ಡ್ಯೂಟಿ ಸ್ವಲ್ಪ ಬದಲಾಗಿದೆ, ಈಗ ಕೌಂಟರಿನಲ್ಲಿ ಕೂರುತ್ತೇನೆ. ಪರ್ಲ್ ಹಾಲು ಕುಡಿಯುತ್ತಿದ್ದಾಳೆಯೇ?

ಇಂತು ನಿಮ್ಮ ಪತ್ನಿ,
ವೈಲೆಟ್


ಮಂಗಳೂರು
6 ಏಪ್ರಿಲ್ 1995

ವೈಲಿ,

ಲಕೋಟೆ ಒಡೆದ ಪರ್ಲ್, “ಡ್ಯಾಡಿ, ಇದು ಬ್ಯಾಂಕಿಂದಾ?” ಎಂದು ಕೇಳಿದಳು. ಅಲ್ಲ, ಮಮ್ಮಿಯದ್ದು ಎಂದೆ. ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲಿಟ್ಟು ಹೋದಳು. ಹಿಂದೆ ನಿನ್ನ ಕಾಗದಗಳನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು.

‘ಪ್ರೀತಿಯ ಪತಿಯವರಿಗೆ’ ಅಂತೆ. ‘ಇಂತು’ ಅಂತೆ. ಈ ‘ಇಂತು’ ಯಾರದ್ದು? ಹತ್ತು ವರ್ಷದಲ್ಲಿ ನಿನ್ನ ಬಾಯಿಂದ ಬಾರದ ಮಾತು. ನೀನು ನನಗೆ ಹೇಳಬೇಕಾದ್ದನ್ನು ಒಬ್ಬ ಅಂಗಡಿಯವನಿಗೆ ಹೇಳಿ, ಅವನು ತನಗೆ ತೋಚಿದ್ದನ್ನು ನನಗೆ ಹೇಳುವುದು. ನನ್ನ ಎಂಜಿನಿಯರನ ಚಿತ್ರದಲ್ಲಿ ಇದ್ದದ್ದು ನೀನು ಮತ್ತು ನಾನು. ಈಗ ನಡುವೆ ಒಂದು ಚೌಕ ಹೆಚ್ಚಾಗಿದೆ, ಅದರೊಳಗೆ ಈ ಡೋಲ್ಫಿ ಕಾಲು ಚಾಚಿ ಕುಳಿತಿದ್ದಾನೆ. ಅವನಿಗೆ ವಯಸ್ಸೆಷ್ಟು? ಮದುವೆಯಾಗಿದೆಯೇ? ಊರು ಯಾವುದು?

ಸಹಿ ಕೂಡ ಹಾಕಿಲ್ಲ, ಹೆಸರನ್ನೂ ಅಚ್ಚಿನಲ್ಲೇ ಹಾಕಿಸಿದ್ದೀ. ಅಚ್ಚಾದ ಪ್ರತಿಯೊಂದರ ಮೇಲೂ ಮುದ್ರಕರ ಹೆಸರು, ಊರು ಇರಲೇಬೇಕೆಂದು ನಮ್ಮಲ್ಲಿ 1867ರಿಂದ ಕಾನೂನಿದೆ. ಸರಕಾರಕ್ಕೆ ಹೆದರಿಕೆ, ಇದರ ಹಿಂದೆ ಯಾರಿದ್ದಾರೆ ಎಂದು. ನಿನ್ನೆ ಕ್ಲಾಸಿನಲ್ಲಿ ಅದನ್ನು ಹೇಳುವಾಗ ಆ ಸರಕಾರದ ಕಷ್ಟ ನನಗೆ ಚೆನ್ನಾಗಿ ಅರ್ಥವಾಯಿತು.

ಹೆಚ್ಚು ಕೇಳುವುದಿಲ್ಲ. ಮುಂದಿನ ಕಾಗದದಲ್ಲಿ ಒಂದೇ ಒಂದು ಸಾಲು ನಿನ್ನ ಕೈಯಾರೆ ಬರೆ. ಏನಾದರೂ ಬರೆ.

ಸಿಲ್ವೆಸ್ಟರ್


ಫಹಾಹೀಲ್
28 ಏಪ್ರಿಲ್ 1995

ಪ್ರೀತಿಯ ಪತಿಯವರಿಗೆ,

ನಿಮ್ಮ ಕಾಗದ ತಲುಪಿತು. ಡೋಲ್ಫಿಯವರು ಬೆಳ್ಮಣ್ಣಿನವರು, ವಯಸ್ಸು ಮೂವತ್ತೈದರ ಹತ್ತಿರ, ಮದುವೆಯಾಗಿಲ್ಲ. ಇದನ್ನು ಹೇಳುವಾಗ ಅವರೇ ನಕ್ಕು, “ಎಂತ ಸಿಸ್ಟರ್, ನಿಮ್ಮೋರು ನಂಗೆ ಹೆಣ್ಣು ನೋಡಿದ್ದಾರಾ?” ಎಂದು ಕೇಳಿದರು. ಅದನ್ನು ಹೊಡೆಯಬೇಡಿ ಎಂದೆ, ಹೊಡೆದೇ ಬಿಟ್ಟರು.

ಕೈಯಿಂದ ಬರೆಯಲು ಸದ್ಯಕ್ಕೆ ಪುರುಸೊತ್ತು ಆಗುತ್ತಿಲ್ಲ. ಕೌಂಟರಿನಲ್ಲಿ ಜನ ಬಹಳ. ಕೋಣೆಗೆ ಬಂದರೆ ಸುಸ್ತು. ಅಚ್ಚಿನಲ್ಲಾದರೆ ನಿಮಗೂ ಗೀಟು ಹಾಕುವ ಕೆಲಸ ತಪ್ಪುತ್ತದೆಯಲ್ಲ. ಬೇಸರ ಮಾಡಬೇಡಿ. ಇಲ್ಲಿ ಬಿಸಿಲು ಶುರುವಾಗಿದೆ. ಪರ್ಲ್‌ಳ ಪರೀಕ್ಷೆಯ ಫಲಿತಾಂಶ ತಿಳಿಸಿ. ಕ್ಲಿನಿಕ್ಕಿನ ವ್ಯಾನು ಹಾರನ್ ಹೊಡೆಯುತ್ತಿದೆ, ಹೊರಡುತ್ತೇನೆ. ಉಳಿದದ್ದು ಮುಂದಿನ ಸಲ.

ನಿಮ್ಮ ಪತ್ನಿ,
ವೈಲೆಟ್

ಫಿಂಟಾಸಿನಲ್ಲಿ ಫ್ಲ್ಯಾಟ್ ನೋಡಿಯಾಯಿತು. ಚಿಕ್ಕದು, ಆದರೆ ಕಿಟಕಿ ತೆರೆದರೆ ಸಮುದ್ರ. ನೀನು ಆಸೆಪಟ್ಟ ಹಸಿರು ಪರದೆ ತಂದಿಟ್ಟಿದ್ದೇನೆ. ಇನ್ನು ನೀನು ಇನ್ನೊಬ್ಬರ ಕೋಣೆಯ ಮೂಲೆಯಲ್ಲಿ ದಿನ ತಳ್ಳಬೇಕಾಗಿಲ್ಲ. ಎಲ್ಲ ಸರಿಯಾಗುವವರೆಗೆ ಮನೆಯವರಿಗೆ ಒಂದು ಮಾತೂ ಹೇಳಬೇಡ.


ಮಂಗಳೂರು
16 ಮೇ 1995

ಶ್ರೀಮತಿ ವೈಲೆಟ್ ಅವರಿಗೆ,

ನೀನು ಅಚ್ಚಿನಲ್ಲಿ ಬರೆಯುವುದಾದರೆ ನಾನೇಕೆ ಹಿಂದೆ ಬೀಳಲಿ? ಹಂಪನಕಟ್ಟೆಯ ಹತ್ತಿರದ ಒಂದು ಹಳೆಯ ಪ್ರೆಸ್ಸಿನಲ್ಲಿ ಕುಳಿತು, ಒಂದೊಂದೇ ಮೊಳೆ ಜೋಡಿಸಿ ಈ ಕಾಗದ ಮಾಡಿಸಿದ್ದೇನೆ. ಕೆಳಗೆ ಮುದ್ರಕನ ಹೆಸರೂ ಇದೆ, ನೋಡಿಕೊ.

ಅಚ್ಚುಕೂಟದಲ್ಲಿ ಒಂದು ವಿಷಯ ಕಣ್ಣಾರೆ ಕಂಡೆ. ಒಂದು ಕೆಲಸ ಮುಗಿದ ಮೇಲೆ ಅದರ ಮೊಳೆಗಳನ್ನು ಬಿಚ್ಚಿ ಅವುಗಳ ಮನೆಗೆ ಹಾಕಬೇಕು. ಸೋಮಾರಿತನದಿಂದ ಹಾಗೆಯೇ ಬಿಟ್ಟರೆ, ಹಿಂದಿನವರ ಸಾಲು ಮುಂದಿನವರ ಕೆಲಸದಲ್ಲಿ ಅಚ್ಚಾಗಿ ಬಂದುಬಿಡುತ್ತದೆ. ಶ್ರಾದ್ಧದ ಕಾಗದದಲ್ಲಿ ಮದುವೆಯ ಊಟದ ಹೊತ್ತು ಬಂದಿತ್ತಂತೆ. ಇದನ್ನು ನಿನ್ನ ಡೋಲ್ಫಿಗೆ ಹೇಳು. ಅವನ ಕಂಪ್ಯೂಟರಿಗೂ ಈ ರೋಗ ಇರಬಹುದು.

ನಿನ್ನ ಕೋಣೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ? ನಿನಗೆ ಹಸಿರು ಪರದೆ ಇಷ್ಟವೆಂದು ನನಗೆ ಗೊತ್ತಿರಲಿಲ್ಲ. ಇಷ್ಟವೇ?

ಮುದ್ರಕರು: ಸಿಲ್ವೆಸ್ಟರ್, ಬೆಂದೂರು, ಸ್ವಂತ ಖರ್ಚಿನಲ್ಲಿ


ಫಹಾಹೀಲ್
9 ಜೂನ್ 1995

ಪ್ರೀತಿಯ ಸಿಲ್ವಿಯವರಿಗೆ,

ಎಂಥ ಕಾಗದ ಕಳಿಸಿದಿರಿ! ಹೆಂಡತಿಗೆ ಪ್ರೆಸ್ಸಿನಲ್ಲಿ ಕಾಗದ ಮಾಡಿಸಿದ ಗಂಡ ನೀವೊಬ್ಬರೇ ಇರಬೇಕು. ನಾನು ಅಚ್ಚಿನಲ್ಲಿ ಬರೆಯುತ್ತಿದ್ದೇನೆ ಎಂದು ನನಗೆ ಸಂಕೋಚವಾಗಬಾರದೆಂದೇ ನೀವು ಇಷ್ಟು ಮಾಡಿದ್ದು ಎಂದು ನನಗೆ ಗೊತ್ತಾಯಿತು. ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಕೋಣೆಯ ಸಿಸ್ಟರ್‌ಗಳು ಮದುವೆಯ ಕರೆಯೋಲೆ ಎಂದುಕೊಂಡರು. ‘ಶ್ರೀಮತಿ ವೈಲೆಟ್ ಅವರಿಗೆ’ ಎಂಬುದನ್ನು ಓದಿ ಒಬ್ಬಳೇ ನಕ್ಕೆ. ಮೊಳೆಯ ಮಾತು ಹೇಳಿದಾಗ ಡೋಲ್ಫಿಯವರೂ ನಕ್ಕು, “ನಮ್ಮದು ಒತ್ತಿದ ಕೂಡಲೇ ಖಲಾಸ್” ಎಂದರು.

ನನ್ನ ಕೋಣೆಯಿಂದ ಸಮುದ್ರ ಕಾಣುವುದಿಲ್ಲ, ಎದುರು ಕಟ್ಟಡದ ಏಸಿ ಡಬ್ಬಗಳು ಕಾಣುತ್ತವೆ. ಆದರೆ ನಿಮ್ಮ ಪ್ರಶ್ನೆ ಓದಿ ಬೆಚ್ಚಿಬಿದ್ದೆ. ಹೋದ ವಾರವಷ್ಟೇ ಫಿಂಟಾಸಿಗೆ ಹೋಗಿದ್ದೆವು, ಡೋಲ್ಫಿಯವರೂ ಬಂದಿದ್ದರು. ಅಲ್ಲೊಂದು ಮನೆ, ಕಿಟಕಿ ತೆರೆದರೆ ಸಮುದ್ರ, ಕಿಟಕಿಗೆ ಹಸಿರು ಪರದೆ! ನಿಮಗೆ ಯಾರು ಹೇಳಿದರು? ಯಾರ ಮನೆ ಎಂದು ಈಗ ಬರೆಯುವಂತಿಲ್ಲ, ಊರಿನಲ್ಲಿ ಇನ್ನೂ ತಿಳಿಸಿಲ್ಲ. ನಾನು ಬಂದಾಗ ಬಾಯಾರೆ ಹೇಳುತ್ತೇನೆ, ದೊಡ್ಡ ಕಥೆ.

ಕಾಂಟ್ರ್ಯಾಕ್ಟಿನ ವಿಷಯ ಇನ್ನೂ ಗೊತ್ತಾಗಿಲ್ಲ. ನನಗಾಗಿ ಒಂದು ಜಪ ಹೇಳಿ.

ವೈಲೆಟ್


ಮಂಗಳೂರು
27 ಜೂನ್ 1995

ವೈಲೆಟ್,

ಇದನ್ನು ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ. ಇದು ಅಚ್ಚು ಹಾಕಿಸುವ ಮಾತಲ್ಲ.

ಏಪ್ರಿಲ್ ಕಾಗದದ ತುದಿಯಲ್ಲಿ ಏನು ಉಳಿದಿತ್ತು ಎಂದು ನಿನಗೆ ತಿಳಿದಿಲ್ಲ. ನಾನು ನಕಲು ಮಾಡುತ್ತೇನೆ, ಓದಿಕೊ. ‘ಫಿಂಟಾಸಿನಲ್ಲಿ ಫ್ಲ್ಯಾಟ್ ನೋಡಿಯಾಯಿತು. ಚಿಕ್ಕದು, ಆದರೆ ಕಿಟಕಿ ತೆರೆದರೆ ಸಮುದ್ರ. ನೀನು ಆಸೆಪಟ್ಟ ಹಸಿರು ಪರದೆ ತಂದಿಟ್ಟಿದ್ದೇನೆ. ಇನ್ನು ನೀನು ಇನ್ನೊಬ್ಬರ ಕೋಣೆಯ ಮೂಲೆಯಲ್ಲಿ ದಿನ ತಳ್ಳಬೇಕಾಗಿಲ್ಲ. ಎಲ್ಲ ಸರಿಯಾಗುವವರೆಗೆ ಮನೆಯವರಿಗೆ ಒಂದು ಮಾತೂ ಹೇಳಬೇಡ.’ ಅದೇ ಕಂಪ್ಯೂಟರಿನಲ್ಲಿ ಅವನು ನಿನಗೆ ಬರೆದದ್ದು. ಬಿಚ್ಚಲು ಮರೆತ ಮೊಳೆ. ನನ್ನ ಕೈಗೆ ಬಂತು.

ಆದರೂ ನಾನು ಸುಮ್ಮನಿದ್ದೆ. ಸಮುದ್ರ ಕಾಣುತ್ತದೆಯೇ ಎಂದು ಮಾತ್ರ ಕೇಳಿದೆ. ‘ಇಲ್ಲ, ಯಾವ ಫಿಂಟಾಸು, ಯಾವ ಪರದೆ’ ಎಂದಿದ್ದರೆ ನಂಬಿಬಿಡುತ್ತಿದ್ದೆ. ನಂಬಲು ಕಾಯುತ್ತಾ ಕುಳಿತಿದ್ದೆ. ನೀನು ಮನೆ ನೋಡಿಬಂದದ್ದನ್ನೂ, ಅವನು ಜೊತೆಗಿದ್ದದ್ದನ್ನೂ ಬರೆದೆ. ಅವನ ಕೈಯಲ್ಲೇ ಬರೆಸಿದೆ! ಇಬ್ಬರೂ ಕೂಡಿ ನಕ್ಕದ್ದನ್ನೂ ಬರೆಸಿದೆ.

ಪರ್ಲ್‌ಗೆ ಏನು ಹೇಳಲಿ ಎಂದು ನನಗೆ ತಿಳಿಯುತ್ತಿಲ್ಲ. ದಿನಾ ಬೆಳಿಗ್ಗೆ, “ಮಮ್ಮಿಯ ಕಾಗದ ಬಂತಾ, ಪೆನ್ನಿನದ್ದು?” ಎಂದು ಕೇಳುತ್ತಾಳೆ. ಅವಳ ಮುಖ ನೋಡಲಾಗುವುದಿಲ್ಲ.

ಒಂದು ಸಾಲು ಕೈಬರಹ ಕೇಳಿದ್ದೆ. ಮೂರು ತಿಂಗಳಾಯಿತು. ಆ ಒಂದು ಸಾಲು ಬಾರದೆ ನೀನು ಈ ಮನೆಗೆ ಬರುವುದು ಬೇಡ.

ಸಿಲ್ವೆಸ್ಟರ್


ಫಹಾಹೀಲ್
28 ಜುಲೈ 1995, ಶುಕ್ರವಾರ

ಸಿಲ್ವೆಸ್ಟರ್,

ಒಂದು ಸಾಲು ಕೇಳಿದ್ದಿರಿ. ಇಷ್ಟು ಸಾಲು ಇದೆ. ಕೈಬರಹವೇ. ಎಡಗೈಯದ್ದು. ಬೆಳಿಗ್ಗೆ ಕುಳಿತವಳು, ಈಗ ಸಂಜೆಯ ಬಾಂಗ್ ಕೇಳಿಸುತ್ತಿದೆ. ಕೆಂಪು ಗೀಟು ಎಷ್ಟು ಬೇಕಾದರೂ ಹಾಕಿಕೊಳ್ಳಿ.

ಮಾರ್ಚಿನಲ್ಲಿ ಜಾರಿ ಬಿದ್ದಾಗ ಬಲಗೈ ಕೆಳಗೆ ಸಿಕ್ಕಿ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬೆರಳು ಕೂಡಲಿಲ್ಲ. ಹೆಬ್ಬೆರಳು ತೋರುಬೆರಳನ್ನು ಮುಟ್ಟುವುದಿಲ್ಲ. ಪೆನ್ನು ನಿಲ್ಲುವುದಿಲ್ಲ, ಸಿರಿಂಜೂ ನಿಲ್ಲುವುದಿಲ್ಲ. ಮೊದಲ ಬಾರಿ ಸಿರಿಂಜು ಕೈಯಿಂದ ಬಿದ್ದುಹೋದಾಗ ಎದುರಿದ್ದ ಮಗು ಅಳಲಿಲ್ಲ, ನಾನು ಅತ್ತೆ. ಕೌಂಟರಿಗೆ ಹಾಕಿದ್ದು ಅದಕ್ಕೆ. ಹೇಗೂ ಕಾಂಟ್ರ್ಯಾಕ್ಟ್ ಹೊಸದಾಗುವವರೆಗೆ ಸುಧಾರಿಸಬಹುದು, ಆಮೇಲೆ ಹೇಳೋಣ ಎಂದುಕೊಂಡೆ. ಹೇಳಿದರೆ ನೀವು, ‘ನಾನು ಬೇಡ ಎಂದಿರಲಿಲ್ಲವೇ’ ಎನ್ನುತ್ತೀರಿ. ಅದೂ ಅಲ್ಲದೆ, ನೀವು ಮದುವೆಯಾದದ್ದು ನನ್ನ ‘ಳ’ದ ಬಾಲವನ್ನು. ಆ ಬಾಲ ಇನ್ನಿಲ್ಲ ಎಂದು ಬರೆಸಲು ನನಗೆ ಬಾಯಿ ಬರಲಿಲ್ಲ. ಎಡಗೈಯಲ್ಲಿ ಸಹಿ ಹಾಕಿ ನೋಡಿದ್ದೆ. ಪರ್ಲ್ ನರ್ಸರಿಯಲ್ಲಿ ಬರೆದ ಹಾಗಿತ್ತು. ಹರಿದುಹಾಕಿದೆ.

ಫಿಂಟಾಸಿನ ಮನೆ ನಿಯಾಝ್‌ನದ್ದು. ನಮ್ಮ ಕ್ಲಿನಿಕ್ಕಿನ ವ್ಯಾನು ಓಡಿಸುವವನು, ಉಳ್ಳಾಲದವನು. ನಾನು ಬಿದ್ದ ದಿನ ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ಹೆಂಡತಿ ಹಫೀಝಾಳಿಗೆ ಬರೆಯುವ ಕಾಗದವನ್ನೂ ಡೋಲ್ಫಿಯ ಹತ್ತಿರವೇ ಹೊಡೆಸುತ್ತಾನೆ, ನನಗೆ ಆ ಅಂಗಡಿ ತೋರಿಸಿದ್ದೂ ಅವನೇ. ಆಕೆ ಊರಿನಲ್ಲಿ ಅಣ್ಣಂದಿರ ತುಂಬಿದ ಮನೆಯಲ್ಲಿ, ಅತ್ತಿಗೆಯರ ಕೋಣೆಯ ಮೂಲೆಯಲ್ಲಿದ್ದಳು. ವೀಸಾ ಕೈಗೆ ಬಾರದೆ ಹೇಳಿದರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆಂದು ಹೆದರಿಕೆ. ಜೂನಿನಲ್ಲಿ ಕೆಲವು ದಿನಕ್ಕೆಂದು ಬಂದವಳು ಇಲ್ಲೇ ಉಳಿಯುತ್ತಾಳೆಂದು ಅವಳ ಮನೆಯವರಿಗೆ ಆಗಿನ್ನೂ ತಿಳಿಸಿರಲಿಲ್ಲ. ನಮ್ಮೆಲ್ಲರನ್ನು ಚಹಕ್ಕೆ ಕರೆದಿದ್ದರು. ನನ್ನ ಕಪ್ಪನ್ನು ಹಫೀಝಾ ಹಿಡಿದಳು.

ಈ ಊರಿನ ಟೈಪಿಂಗ್ ಅಂಗಡಿಗಳಲ್ಲಿ ಯಾರೂ ಖಾಲಿ ಪುಟದಿಂದ ಶುರುಮಾಡುವುದಿಲ್ಲ. ಹಿಂದಿನವನ ಅರ್ಜಿಯಲ್ಲಿ ಹೆಸರು ಬದಲಾಯಿಸಿದರೆ ಮುಂದಿನವನ ಅರ್ಜಿ. ಡೋಲ್ಫಿ ಕಾಗದಗಳನ್ನೂ ಹಾಗೆಯೇ ಮಾಡುತ್ತಾನೆ. ನಿಯಾಝ್‌ನ ಕಾಗದದ ಮೇಲೆ ನನ್ನದನ್ನು ಹೊಡೆದ, ಬಾಲ ಅಳಿಸಲು ಮರೆತ. ವ್ಯಾನು ಕಾಯುತ್ತಿತ್ತು, ನಾನು ಓದದೆ ಓಡಿದೆ. ನಿಮ್ಮ ಕಾಗದವನ್ನು ಅವನಿಗೆ ತೋರಿಸಲಿಲ್ಲ. ನಾಚಿಕೆಯಾಯಿತು. ನನಗಾಗಿ ಅಲ್ಲ, ನಿಮಗಾಗಿ.

ಬಿಚ್ಚದೆ ಉಳಿದ ಮೊಳೆ ಎಂದು ನೀವು ಸರಿಯಾಗಿಯೇ ಕಂಡುಹಿಡಿದಿರಿ. ಬುದ್ಧಿವಂತರು. ಇಥಿಯೋಪಿಯಕ್ಕೆ ಹೊರಟದ್ದು ಗೋವೆಯಲ್ಲಿ ಇಳಿದ ಕಥೆಯನ್ನು ನನಗೆ ಹೇಳಿದವರೂ ನೀವೇ. ಹಫೀಝಾಳಿಗೆ ಹೊರಟ ಮಾತು ನಿಮ್ಮ ಅಂಗಳದಲ್ಲಿ ಇಳಿಯಿತು ಎಂದು ಮಾತ್ರ ನಿಮಗೆ ಹೊಳೆಯಲಿಲ್ಲ. ನಿಮಗೆ ಹೊಳೆದ ಹೆಸರು ನನ್ನದೊಂದೇ.

ಮೊದಲ ಅಚ್ಚಿನ ಕಾಗದದಲ್ಲೇ ಜಾರಿ ಬಿದ್ದೆ ಎಂದು ಬರೆದಿದ್ದೆ. ಪೆಟ್ಟಾಯಿತೇ ಎಂದು ನೀವು ಕೇಳುತ್ತೀರಿ, ಆಗ ಎಲ್ಲ ಹೇಳಿಬಿಡೋಣ ಎಂದು ಕಾದೆ. ನೀವು ಡೋಲ್ಫಿಯ ವಯಸ್ಸು ಕೇಳಿದಿರಿ. ‘ಇಂತು’ ಯಾರದ್ದು ಎಂದು ಕೇಳಿದಿರಿ. ಕೈಬರಹ ಕೇಳಿದಿರಿ. ಕೈಯನ್ನು ಕೇಳಲಿಲ್ಲ.

ಕಾಂಟ್ರ್ಯಾಕ್ಟ್ ಹೊಸದಾಗಲಿಲ್ಲ. ಕಫೀಲ್, ನಮ್ಮ ಕ್ಲಿನಿಕ್ಕಿನ ಧಣಿ, ಒಳ್ಳೆಯ ಮಾತಿನಲ್ಲೇ ಇಲ್ಲ ಎಂದ. ಸೆಪ್ಟೆಂಬರ್ ಹನ್ನೆರಡರ ಬೆಳಿಗ್ಗೆ ಬಾಂಬೆಯಲ್ಲಿ ಇಳಿಯುತ್ತೇನೆ. ಅಲ್ಲಿಂದ ಮಂಗಳೂರಿನ ಬಸ್ಸು ಹತ್ತಬೇಕೋ, ಪುಣೆಯಲ್ಲಿರುವ ಅಕ್ಕನ ಮನೆಗೆ ಹೋಗಬೇಕೋ, ನೀವೇ ಬರೆಯಿರಿ. ಪರ್ಲ್‌ಗೆ ಹೇಳಿ, ಇದು ಪೆನ್ನಿನದ್ದು.

ವೈಲೆಟ್


ಮಂಗಳೂರು
12 ಆಗಸ್ಟ್ 1995

ವೈಲಿ,

ಕೈ ಹೇಗಿದೆ?

ಬಾಂಬೆಯಲ್ಲಿ ಚೀಲ ನೀನು ಎತ್ತಬೇಡ. ನಾನೂ ಪರ್ಲ್‌ಳೂ ಹೊರಗೆ ನಿಂತಿರುತ್ತೇವೆ. ನಿನ್ನ ಕಾಗದ ಅವಳ ತಲೆದಿಂಬಿನ ಕೆಳಗಿದೆ, ನನಗೆ ಕೊಡುತ್ತಿಲ್ಲ.

ಸಿಲ್ವಿ